ಬುರಾ ಮೇಷ್ಟ್ರ ಹೆಜ್ಜೆ ಹಿಡಿದ ಪಂದಿಶಾ

ಶಾಲೆಗೆಂದು ಪೊಲೀಸರು ನನ್ನ ದೊಡ್ಡಮ್ಮ ಪಂದಿಶಾಳನ್ನು ಲಾರಿ ಹತ್ತಿಸಿಕೊಂಡು ಹೋದಾಗ ಅವಳಿಗೆ ಹತ್ತೋ ಹನ್ನೊಂದೋ. ಬೇಟೆ, ಗೆಡ್ಡೆ ನಂಬಿ ಬದುಕುವ ನಮ್ಮ ಹಾಡ್ಜಾ ಜನ ವರ್ಷ ಎಣಿಸುವವರಲ್ಲ. ಒಬ್ಬಳೇ ಕಲ್ಲುನೆಲ ಅಗೆದು ಗೆಡ್ಡೆ ಕೀಳುವಷ್ಟು ದೊಡ್ಡವಳಾಗಿದ್ದಳು ಎಂದಷ್ಟೇ ಅಜ್ಜಿ ಓಯಾ ಹೇಳುತ್ತಿದ್ದಳು. ಅಗೆಯುವುದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಹುಡುಗಿಯರ ಹಿಂಡಿನ ಜೊತೆ ಹೋದಳು, ನೆಲಕ್ಕೆ ಕಲ್ಲು ಕುಟ್ಟಿ ಸದ್ದು ಆಲಿಸಿದಳು, ತಪ್ಪು ಜಾಗದಲ್ಲಿ ಅಗೆದು ಬೈಸಿಕೊಂಡಳು, ಸರಿ ಜಾಗದಲ್ಲಿ ಅಗೆದು ತಿಂದಳು. ಅಷ್ಟೇ.

ಆ ವರ್ಷ ಮಕ್ಕಳನ್ನು ಶಾಲೆಗೆ ಒಯ್ಯಲು ನಮ್ಮ ಯಾಯಿದಾ ಕಣಿವೆಗೆ ಪೊಲೀಸರ ಜೊತೆ ಲಾರಿ ಬಂತು. ದೊಡ್ಡವರು ಬಂಡೆಗಳ ಸಂದಿಗೆ ಓಡಿದರು. ಹಣ್ಣು ಕೀಳಲು ಹೋಗಿದ್ದ ಮಕ್ಕಳು ಸಿಕ್ಕಿಬಿದ್ದರು. ಪಂದಿಶಾಳ ಜೊತೆ ಅವಳ ತಂಗಿ ಅಬೆಯಾ ಕೂಡ ಇದ್ದಳು, ಆರೇಳು ವರ್ಷದವಳು. ಆ ಅಬೆಯಾ ನನ್ನ ಅಮ್ಮ.

ಶಾಲೆ ಇದ್ದದ್ದು ಎರಡು ದಿನದ ನಡಿಗೆಯಾಚೆ, ಗುಡ್ಡದ ಮೇಲೆ. ಬೆಳಿಗ್ಗೆ ಜೋಳದ ಮುದ್ದೆ, ಸಂಜೆ ಜೋಳದ ಮುದ್ದೆ. ಸ್ವಾಹಿಲಿ ಬಿಟ್ಟು ಬೇರೆ ಮಾತಾಡಿದರೆ ಬೆತ್ತ. ತರಗತಿಯ ಮೇಷ್ಟ್ರು ಬುರಾ ಎಂಬ, ನೆರೆಯ ಇರಾಕ್ವ್ ಜನದ ಹುಡುಗ, ಮೀಸೆ ಆಗತಾನೆ ಚಿಗುರಿತ್ತು. ಒಂದು ಮಧ್ಯಾಹ್ನ ಅಬೆಯಾ ಮೆಲ್ಲಗೆ "ಆತಿ" ಎಂದಳು. ನಮ್ಮ ಮಾತಿನಲ್ಲಿ ನೀರು ಎಂದರ್ಥ. ಪಂದಿಶಾ ನಾಲಿಗೆ ಲೊಟ್ಟೆ ಹಾಕುವ ನಮ್ಮ ಮಾತಿನಲ್ಲೇ "ತಡ್ಕೋ" ಎಂದಳು.

"ಯಾರದು ಹಲ್ಲಿ ಹಂಗೆ ಲೊಚಗುಟ್ಟಿದ್ದು?" ಬುರಾ ಮೇಷ್ಟ್ರು ಎದ್ದು ನಿಂತರು.

ಪಂದಿಶಾ ಎರಡೂ ಅಂಗೈ ಮುಂದೆ ಚಾಚಿದಳು. ತಂಗಿಯ ಪಾಲಿನ ಏಟನ್ನೂ ತಾನೇ ತಿಂದಳು. ನಮ್ಮಲ್ಲಿ ಮಕ್ಕಳ ಮೇಲೆ ಯಾರೂ ಕೈ ಎತ್ತುವುದಿಲ್ಲ. ಅದನ್ನು ನೋಡಿದ ಅಬೆಯಾ ಅಂದಿನಿಂದ ಮಾತು ನಿಲ್ಲಿಸಿದಳು, ನಾಲ್ಕನೇ ದಿನಕ್ಕೆ ಮುದ್ದೆ ತಿನ್ನುವುದನ್ನೂ. ಐದನೇ ದಿನ ಹುಡುಗಿಯರನ್ನು ಸೌದೆಗೆ ಕಳಿಸಿದಾಗ ಪಂದಿಶಾ ತಂಗಿಯ ಕೈ ಹಿಡಿದು ನಡೆದಳು, ಹಿಂದಿರುಗಿ ನೋಡಲಿಲ್ಲ.

ದಾರಿಯಲ್ಲಿ ಬಾವೊಬಾಬ್ ಮರದ ಪೊಟರೆಯಲ್ಲಿ ಉಳಿದಿದ್ದ ಮಳೆನೀರನ್ನು ಹುಲ್ಲುಕಡ್ಡಿಯಿಂದ ಹೀರಿದರು. ಆನೆಗಳ ಗುಂಪೊಂದು ದಾಟಿಹೋಗುವವರೆಗೆ ಅರ್ಧ ದಿನ ಬಂಡೆಯ ಮೇಲೆ ಕೂತರು. ಮೂರನೇ ದಿನ ಗುಡಿಸಲುಗಳು ಕಂಡವು. ಅಜ್ಜಿ ಓಯಾ ತಲೆ ಎತ್ತಿ, "ಬಂದ್ರಾ? ಗೆಡ್ಡೆ ಸುಟ್ಟಿದೀನಿ, ತಿನ್ರಿ" ಎಂದಳಂತೆ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಬಹಳ ಹೊತ್ತು ಕೂತಳಂತೆ.

ನಾಲ್ಕು ದಿನ ಕಳೆದಿತ್ತು. ಪಂದಿಶಾ, ಅಬೆಯಾ ಮತ್ತು ಅವರ ಮಾವನ ಮಗಳು ಮಹಿಯಾ ಗೆಡ್ಡೆಗೆ ಹೊರಟಿದ್ದರು. ಒಣ ಹಳ್ಳದ ಮರಳಿನಲ್ಲಿ ಬೂಟಿನ ಗುರುತು ಕಂಡಿತು. ಪಂದಿಶಾ ಕುಕ್ಕರಗಾಲಲ್ಲಿ ಕೂತಳು. ಹಿಮ್ಮಡಿಯ ಹೊರಬದಿ ಸವೆದ ಬೂಟು. ಶಾಲೆಯ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ನಿಂತು ಅವಳಿಗೆ ಆ ಗುರುತು ಬಾಯಿಪಾಠವಾಗಿತ್ತು.

"ಬುರಾ ಮೇಷ್ಟ್ರು. ಒಬ್ರೇ ಇದಾರೆ."

"ನಮ್ಮನ್ನ ಹಿಡಿಯೋಕ್ ಬಂದಿದಾನೆ! ನಡಿ, ಓಡೋಣ," ಎಂದಳು ಮಹಿಯಾ.

ಪಂದಿಶಾ ಓಡಲಿಲ್ಲ. ಗುರುತಿನ ಜಾಡು ಹಿಡಿದು ಸ್ವಲ್ಪ ದೂರ ಹೋದಳು. ಬೂಟಿನ ಸಾಲು ತನ್ನದೇ ಹಳೆಯ ಸಾಲನ್ನು ದಾಟಿತ್ತು. ಮುಂದೆ ಇನ್ನೊಮ್ಮೆ ದಾಟಿತ್ತು. ಪೊದೆಯ ಬುಡದಲ್ಲಿ ಉಚ್ಚೆಯ ಕಲೆ ಬೊಗಸೆಯಷ್ಟೂ ಇರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು.

"ನಿನ್ನೆಯಿಂದ ನೀರು ಕುಡಿದಿಲ್ಲ ಕಣೇ. ಸುತ್ತಿದ್ದಲ್ಲೇ ಸುತ್ತುತಿದಾರೆ."

"ಸುತ್ತಲಿ ಬಿಡು. ನಮ್ಮನ್ನೇನು ಕೇಳಿ ಬಂದ್ನಾ?"

ಆಗ ಅಬೆಯಾ ನೆಲಕ್ಕೆ ಬೆರಳು ತೋರಿಸಿದಳು. ಬೂಟಿನ ಗುರುತೊಂದರ ಮೇಲೆ ಅಗಲವಾದ ಪಂಜ ಒತ್ತಿತ್ತು. ಹೆಣ್ಣು ಸಿಂಹ. ಅಂಚಿನ ಮರಳು ಇನ್ನೂ ಕುಸಿದಿರಲಿಲ್ಲ.

ಮಹಿಯಾ ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಹಟ ಬಿಡಲಿಲ್ಲ: "ಅವನ ಬೆತ್ತ ಐತಲ್ಲ, ಸಿಂಹಕ್ಕೇ ಪಾಠ ಹೇಳಲಿ."

"ನೀನು ಅಬೆಯಾನ ಕರ್ಕೊಂಡು ಹಾಡಿಗೆ ಹೋಗು. ಗೊಂಗಾ ಮಾವ ಇದ್ರೆ ಬಿಲ್ಲು ಹಿಡ್ಕೊಂಡು ಬರಕ್ಕೇಳು."

"ನೀನು?"

ಪಂದಿಶಾ ಆಗಲೇ ಬೂಟಿನ ಜಾಡು ಹಿಡಿದು ಹೊರಟಿದ್ದಳು. ಯಾಕೆ ಹೋದೆ ಎಂದು ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಸಿಟ್ಟಿತ್ತು ಮಗಾ. ಬಾಯಾರಿಕೆ ಅಂದ್ರೇನು ಅಂತಾನೂ ಗೊತ್ತಿತ್ತು," ಎನ್ನುತ್ತಾಳೆ.

ಕೈಯಲ್ಲಿ ಅಗೆಯುವ ಕೋಲು, ಹೆಗಲಲ್ಲಿ ಅರ್ಧ ಸೋರೆಬುರುಡೆ ನೀರು. ಬಿಸಿಲು ನೆತ್ತಿಗೇರಿತ್ತು. ಒಂದು ಕಡೆ ಬಲಗಾಲಿನ ಬೂಟು ಬಿದ್ದಿತ್ತು; ಅಲ್ಲಿಂದ ಮುಂದೆ ಒಂದು ಬೂಟು, ಒಂದು ಬರಿಗಾಲು. ಬರಿಗಾಲು ಎಳೆದಂತೆ ಸಾಗಿತ್ತು. ಪಂಜದ ಗುರುತು ಒಮ್ಮೆ ಎಡಕ್ಕೆ ಸರಿಯುತ್ತಿತ್ತು, ಮತ್ತೆ ಬಂದು ಸೇರುತ್ತಿತ್ತು. ಪಂದಿಶಾ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡಳು. ಬೆನ್ನಿನಿಂದ ಬೀಸುತ್ತಿತ್ತು. ಅವಳು ಬರುತ್ತಿರುವುದು ಸಿಂಹಕ್ಕೆ ಆಗಲೇ ಗೊತ್ತಾಗಿತ್ತು.

ಕಲ್ಲುಗುಡ್ಡೆಯ ಬುಡದಲ್ಲಿ ಮೇಷ್ಟ್ರು ಕೂತಿದ್ದರು. ತುಟಿ ಒಡೆದು ರಕ್ತ ಒಣಗಿತ್ತು. ತಮ್ಮಷ್ಟಕ್ಕೆ ಏನೋ ಲೆಕ್ಕ ಹೇಳಿಕೊಳ್ಳುತ್ತಿದ್ದರು. ಎದುರಿಗೆ ಊದಿದ ಬುಡದ ಗಿಡವೊಂದಿತ್ತು, ಕೊಂಬೆಯ ತುದಿಯಲ್ಲಿ ಗುಲಾಬಿ ಹೂ. ಅದರ ಬುಡವನ್ನು ಚಾಕುವಿನಿಂದ ಸೀಳಿದ್ದರು. ಸೀಳಿನಿಂದ ರಸ ಜಿನುಗುತ್ತಿತ್ತು. ಅಂಗೈಯಗಲದ ತುಂಡನ್ನು ಬಾಯಿಯ ಹತ್ತಿರ ಎತ್ತಿದ್ದರು.

ಗೊಂಗಾ ಮಾವ ಬಾಣಕ್ಕೆ ಬಳಿಯುವ ವಿಷ ಬೇಯಿಸುವುದು ಅದೇ ಗಿಡದಿಂದ.

ಪಂದಿಶಾ ಕಿರುಚಿದಳು. ನಮ್ಮ ಮಾತಿನಲ್ಲೇ ಕಿರುಚಿದಳು, ಸ್ವಾಹಿಲಿ ನಾಲಿಗೆಗೆ ಬರಲೇ ಇಲ್ಲ. ಮೇಷ್ಟ್ರು ಮಂಕಾಗಿ ನೋಡಿದರು, ಕೈ ಇಳಿಸಲಿಲ್ಲ. ಅವಳು ಓಡಿಹೋಗಿ ಕೋಲಿನಿಂದ ಅವರ ಕೈಗೆ ಬಲವಾಗಿ ಹೊಡೆದಳು. ತುಂಡು ಹಾರಿ ಬಿತ್ತು.

"ವಿಷ! ವಿಷ ಅದು ಮೇಷ್ಟ್ರೇ! ಮುಟ್ಟಿದ ಕೈ ಬಾಯಿಗಿಡ್ಬೇಡಿ!" ಎಂದಳು ಈಗ ಸ್ವಾಹಿಲಿಯಲ್ಲಿ.

ಅವರ ಕೈಯನ್ನು ಮರಳಿನಲ್ಲಿ ಉಜ್ಜಿದಳು. ಬುರುಡೆ ಕಂಡದ್ದೇ ಅವರು ಕಿತ್ತುಕೊಳ್ಳಲು ಬಂದರು. ಅವಳು ಹಿಂದಕ್ಕೆ ಎಳೆದಳು. "ಒಂದು ಗುಟುಕು. ಸಾಕು. ತಡ್ಕೊಳಿ."

ಎರಡನೇ ಗುಟುಕು ಕೊಡುವಾಗ ಮೂವತ್ತು ಹೆಜ್ಜೆ ದೂರದ ಹುಲ್ಲಿನಲ್ಲಿ ಕಿವಿಯೊಂದು ಅಲುಗಿತು.

"ಏಳಿ. ಓಡ್ಬೇಡಿ. ಬೆನ್ನು ತೋರಿಸ್ಬೇಡಿ. ಬಂಡೆ ಹತ್ತಿ."

"ಆಗಲ್ಲ..."

"ಹತ್ತಿ ಅಂದೆ!"

ಅವರನ್ನು ಹಿಂದೆ ತಳ್ಳುತ್ತಾ, ಕೋಲಿನಿಂದ ಬುರುಡೆ ಬಡಿಯುತ್ತಾ, ಹುಲ್ಲಿನ ಕಡೆ ಮುಖ ಮಾಡಿಯೇ ಪಂದಿಶಾ ಹಿಮ್ಮೆಟ್ಟಿದಳು. ಸಿಂಹಕ್ಕೆ ಕೇಳುವಂತೆ ಬೈದಳು: "ಹೋಗೆ, ಮುದುಕಿ! ಹಲ್ಲಿಲ್ದೋಳೇ! ಇವನಲ್ಲೇನೈತೆ, ಮೂಳೆ!" ಸಿಂಹ ಎದ್ದು ನಿಂತಿತು. ಪಕ್ಕೆಲುಬು ಎಣಿಸಬಹುದಾಗಿತ್ತು. ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಿತು. ಅಷ್ಟರಲ್ಲಿ ಇಬ್ಬರೂ ಬಂಡೆಯ ಮೇಲಿದ್ದರು. ಅದು ಕೆಳಗೆ ನೆರಳಿನಲ್ಲಿ ಮಲಗಿ ಕಾಯತೊಡಗಿತು. ಬಂಡೆ ಕಾದ ಹೆಂಚಾಗಿತ್ತು. ನೀರು ಮುಗಿಯಿತು. ಬಿಸಿಲು ಇಳಿಯುವವರೆಗೆ ಪಂದಿಶಾ ಕಣ್ಣು ಕೀಳದೆ ಅದನ್ನೇ ನೋಡುತ್ತಾ ಬುರುಡೆ ಬಡಿದಳು. ಬುರುಡೆ ಒಡೆದ ಮೇಲೆ ಕಲ್ಲಿಗೆ ಕಲ್ಲು ಬಡಿದಳು.

ಗೊಂಗಾ ಮಾವ ಮೂವರು ಗಂಡಸರೊಂದಿಗೆ ಬಂದಾಗ ಸಿಂಹ ಗೊಣಗುತ್ತಾ ಎದ್ದುಹೋಯಿತು. ಮಾವ ಮೇಷ್ಟ್ರನ್ನು ನೋಡಿ, "ಇದೇನಾ ನಿಮ್ಮನ್ನ ಹೊಡೀತಿದ್ದ ಪ್ರಾಣಿ? ತುಂಬ ಬಡಕಲಾಗೈತಲ್ಲ!" ಎಂದ.

ಮೇಷ್ಟ್ರು ಮೂರು ದಿನ ನಮ್ಮ ಹಾಡಿಯಲ್ಲಿದ್ದರು. ಮಕ್ಕಳನ್ನು ಕರೆತರದೆ ಮುಖ ತೋರಿಸಬೇಡ ಎಂದು ಹೆಡ್‌ಮೇಷ್ಟ್ರು ಕಳಿಸಿದ್ದರು. ದಾರಿ ತೋರಲು ಬಂದ ದನಗಾಹಿ ಅರ್ಧದಲ್ಲೇ ಕೈಬಿಟ್ಟಿದ್ದ. ಅಜ್ಜಿ ಬಾವೊಬಾಬ್ ಕಾಯಿಯ ಹಿಟ್ಟನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಅವರ ನಡಿಗೆಯನ್ನು ಅಣಕಿಸಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಹೊರಡುವ ದಿನ ಅವರು ಅಬೆಯಾಳ ಮುಂದೆ ಕೂತು, ಬುರುಡೆಯಲ್ಲಿದ್ದ ನೀರು ತೋರಿಸಿ, "ಇದಕ್ಕೇನಂತೀರಿ ನೀವು?" ಎಂದರು. ಅವಳು ಅಕ್ಕನ ಬೆನ್ನ ಹಿಂದೆ ಸರಿದಳು.

ಆಮೇಲಿನ ತಿಂಗಳುಗಳು ಕೆಟ್ಟದಾಗಿದ್ದವು. ದೂರದಲ್ಲಿ ಎಂಜಿನ್ ಸದ್ದಾದರೆ ಎಲ್ಲರೂ ಬೆಂಕಿ ಆರಿಸಿ ಬಂಡೆಗೆ ಓಡುತ್ತಿದ್ದರು. ಮಳೆ ಕಳೆದ ಮೇಲೆ ಲಾರಿ ಬಂದೇ ಬಂತು, ಹೊಸ ಮೇಷ್ಟ್ರೊಡನೆ. ಮಕ್ಕಳು ಎಲ್ಲೂ ಸಿಗಲಿಲ್ಲವೆಂದು ಬರೆದುಕೊಟ್ಟು ಬುರಾ ಮೇಷ್ಟ್ರು ಬೇರೆ ಊರಿಗೆ ಹೋಗಿದ್ದರೆಂದು ತಿಳಿದದ್ದು ಆಗಲೇ. ಪೊಲೀಸರು ಬಂಡೆಗಳತ್ತ ನಡೆದರು. ಅಬೆಯಾ ಅಡಗಿದ್ದ ಸಂದಿ ಅವರಿಗೆ ಹತ್ತು ಮಾರು ದೂರವಿತ್ತು. ಪಂದಿಶಾ ಇನ್ನೊಂದು ಕಡೆಯಿಂದ ಹೊರಬಂದು, "ನಾನಿಲ್ಲಿದೀನಿ. ಬೇರೆ ಯಾರೂ ಇಲ್ಲ," ಎಂದು ತಾನೇ ಲಾರಿ ಹತ್ತಿದಳು.

ಎರಡು ವರ್ಷ ಓದಿದಳು. ಬೆತ್ತವೂ ಇತ್ತು, ಅಕ್ಷರವೂ ಬಂತು. ಒಂದು ರಜೆಯಲ್ಲಿ ಬಂದವಳು ಮರಳಿ ಹೋಗಲಿಲ್ಲ. ಯಾರೂ ಹುಡುಕಿಕೊಂಡೂ ಬರಲಿಲ್ಲ. ನನ್ನ ಅಮ್ಮ ಅಬೆಯಾಳಿಗೆ ಅಕ್ಷರ ಕಡೆತನಕ ಬರಲಿಲ್ಲ. ತನ್ನನ್ನು ಉಳಿಸಲು ಅಕ್ಕ ಲಾರಿ ಹತ್ತಿದ್ದನ್ನು ಅವಳು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ, ಆದರೆ ತೆಗೆದ ಗೆಡ್ಡೆಗಳಲ್ಲಿ ಎಳೆಯದನ್ನು ಅಕ್ಕನಿಗೇ ಇಡುತ್ತಿದ್ದಳು.

ಈಗ ಶಾಲೆ ಹತ್ತಿರದಲ್ಲೇ ಇದೆ, ಮಕ್ಕಳು ಸಂಜೆಗೆ ಮನೆಗೆ ಬರುತ್ತಾರೆ. ದೊಡ್ಡಮ್ಮನೇ ಅವರನ್ನು ಬಿಟ್ಟು ಬರುತ್ತಾಳೆ. ಹಣ್ಣಿನ ಕಾಲ ಬಂದರೆ ಮಾತ್ರ ಅವಳೇ ಇಡೀ ತರಗತಿಯನ್ನು ಪೊದೆಗಳತ್ತ ಹೊಡೆದುಕೊಂಡು ಹೋಗುತ್ತಾಳೆ. ಹೋದ ವರ್ಷ ಶಾಲೆಯ ಮೇಡಂ ಸಿಟ್ಟಿನಿಂದ ಹಾಡಿಗೇ ಬಂದರು. "ಪರೀಕ್ಷೆ ಇದೆ ಅಜ್ಜಿ, ನಿಮಗಾದ್ರೂ ತಿಳೀಬಾರ್ದಾ?" ಎಂದರು.

"ಬಿಸಿಲಲ್ಲಿ ಒಬ್ಳೇ ಬಂದ್ಯಾ?" ಎಂದು ದೊಡ್ಡಮ್ಮ ಗದರಿದಳು. "ಕೂತ್ಕೋ ಮೊದ್ಲು."

ಮೇಡಂ ಕೂತರು. ಹೋಗುವಾಗ ದೊಡ್ಡಮ್ಮ ನೀರಿನ ಬುರುಡೆ ಹೆಗಲಿಗೆ ಹಾಕಿಕೊಂಡು ಅವರ ಜೊತೆ ಶಾಲೆಯ ಬಾಗಿಲವರೆಗೂ ನಡೆದುಹೋದಳು.