ಪಕ್ಕದ ಕಿಟಕಿಯ ಫ್ಯಾನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಬ್ಬಿಯಿಂದ ಚೇಳೂರಿಗೆ ಹೋಗುವ ಮೊದಲ ಬಸ್ಸು ಹಿರೇಕೊಳದ ಗೇಟಿನ ಹತ್ತಿರ ಒಬ್ಬರನ್ನೇ ಇಳಿಸಿ ಮುಂದೆ ಹೋಗುತ್ತದೆ. ಇಳಿದವರು ಜೈನಬ್ ಬೀ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬ್ಯಾಗಿನಿಂದ ಬೀಗದಕೈ ಗೊಂಚಲು ತೆಗೆದು, ಟಿಕೆಟ್ ಕೊಡುವ ಪುಟ್ಟ ಕೋಣೆಯ ಬಾಗಿಲು ತೆರೆಯುತ್ತಾರೆ. ಕೋಣೆ ಒಂದೇ, ನಡುವೆ ಪ್ಲೈವುಡ್ ಅಡ್ಡಗೋಡೆ, ಎರಡು ಕಿಟಕಿ. ಎಡಗಡೆಯ ಕಿಟಕಿಯ ಮೇಲೆ ‘ಭಾರತೀಯರು’ ಎಂದು ಬರೆದಿದೆ, ಬಲಗಡೆಯದರ ಮೇಲೆ ‘ವಿದೇಶಿಯರು’.

ಜೈನಬ್ ಬೀ ಕೂರುವುದು ಎಡಗಡೆ. ಆದರೆ ಬೆಳಿಗ್ಗೆ ಬಂದ ಕೂಡಲೇ ಅವರು ಮೊದಲು ಹೋಗುವುದು ಬಲಗಡೆಗೆ. ಅಲ್ಲಿ ಚಕ್ರದ ಕುರ್ಚಿಯಿದೆ, ಮೆತ್ತನೆಯ ಬೆನ್ನೊರಗು ಇದೆ, ಗೋಡೆಗೊಂದು ಫ್ಯಾನಿದೆ. ಫ್ಯಾನು ಹಾಕಿ, ಕುರ್ಚಿಯಲ್ಲಿ ಕೂತು, ಒಂದು ಸುತ್ತು ಗಿರ್ರನೆ ತಿರುಗಿ, ಕಣ್ಣು ಮುಚ್ಚುತ್ತಾರೆ. ಹೊರಗೆ ಯಾವುದಾದರೂ ಸ್ಕೂಟರಿನ ಸದ್ದಾದರೆ ದಡಬಡಿಸಿ ಎದ್ದು ಫ್ಯಾನು ಆರಿಸುತ್ತಾರೆ. ಕುರ್ಚಿ ನಿನ್ನೆ ಸಂಜೆ ಯಾವ ಕಡೆ ಮುಖ ಮಾಡಿತ್ತೋ ಅದೇ ಕಡೆಗೆ ತಿರುಗಿಸಿಟ್ಟು, ಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ.

“ಇದನ್ನ ಬರೀಬೇಡಿ ಸಾರ್” ಎಂದು ನನ್ನ ನೋಟ್‌ಬುಕ್ಕಿನ ಕಡೆ ನೋಡುತ್ತಾರೆ. ಪೊರಕೆ ಎರಡು ಸಲ ಆಡಿಸಿದ ಮೇಲೆ ಮನಸ್ಸು ಬದಲಾಗುತ್ತದೆ. “ಬುಡಿ, ಬರ್ಕೊಳ್ಳಿ. ಆಯಮ್ಮಾನೂ ಓದ್ಲಿ.”

ಆಯಮ್ಮ ಎಂದರೆ ಶಶಿರೇಖಾ. ಬಲಗಡೆಯ ಕಿಟಕಿಯ ಒಡತಿ.

ಹಿರೇಕೊಳ ಹಳೆಯ ಕಾಲದ ಕಲ್ಲಿನ ಕೊಳ. ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಡುವೆ ಕೆತ್ತನೆಯ ಕಂಬಗಳ ಮಂಟಪ. ಮೊಬೈಲಿನಲ್ಲಿ ಚಿತ್ರಗಳು ಓಡಾಡಿದ ಮೇಲೆ ಜನ ಬರತೊಡಗಿದರು, ಕೊಳ ನೋಡಿಕೊಳ್ಳಲು ಊರವರದೇ ಒಂದು ಸಮಿತಿಯಾಯಿತು, ಪ್ರವೇಶ ಶುಲ್ಕ ಬಂತು. ನಮ್ಮವರಿಗೆ ಇಪ್ಪತ್ತು ರೂಪಾಯಿಯ ಹಳದಿ ಚೀಟಿ, ವಿದೇಶದವರಿಗೆ ಮುನ್ನೂರು ರೂಪಾಯಿಯ ಗುಲಾಬಿ ಚೀಟಿ. ಅಕ್ಕಪಕ್ಕದ ಎರಡು ಹಳ್ಳಿಯವರಿಗೆ ಮಾತ್ರ ಪುಕ್ಕಟೆ, ಏಕೆಂದರೆ ಬೇಸಿಗೆಯಲ್ಲಿ ಕೊಳಕ್ಕಿಳಿದು ಹೂಳೆತ್ತುವವರು ಅವರೇ.

ಈ ಪುಕ್ಕಟೆಯ ಕಾರಣಕ್ಕೇ ಜೈನಬ್ ಬೀ ಅವರಿಗೆ ಒಂದು ರೂಢಿ ಅಂಟಿಕೊಂಡಿದೆ. ಕಿಟಕಿಗೆ ಯಾರೇ ಬರಲಿ, ಚೀಟಿಗೆ ಕೈ ಹಾಕುವ ಮೊದಲು ಬಾಯಿ ತಾನಾಗಿ ಕೇಳುತ್ತದೆ: “ಯಾವೂರು?”

“ಊರ್ಡಿಗೆರೆ ಕಣಮ್ಮ.”

“ಅಷ್ಟ್ ದೂರದಿಂದನಾ? ಮಗೀಗೆ ಟೋಪಿ ಹಾಕಿ, ಕೆಳಗೆ ಕಲ್ಲು ಕಾದಿರುತ್ತೆ. ನಿಮ್ದ್ಯಾವೂರು?”

“ಯಡಿಯೂರು.”

“ಯಡಿಯೂರಿಂದ ಬರಿಗೈಲಿ ಬಂದ್ರಾ? ಪ್ರಸಾದ ಎಲ್ಲಿ?”

ಸಾಲು ನಗುತ್ತದೆ. ಭಾನುವಾರವಾದರೆ ಈ ಸಾಲು ಗೇಟು ದಾಟಿ ರಸ್ತೆಯವರೆಗೂ ಹೋಗುತ್ತದೆ. ಚಿಲ್ಲರೆ ಇಲ್ಲದವರು, ಫೋನಿನಲ್ಲಿ ದುಡ್ಡು ಬರದಿದ್ದರೂ ಹಾಕಿದ್ದೇನೆಂದು ಜಗಳಕ್ಕೆ ನಿಲ್ಲುವವರು, ಆರಡಿ ಎತ್ತರದ ಮಗನನ್ನು ಚಿಕ್ಕ ಹುಡುಗ ಎನ್ನುವವರು, ಎಲ್ಲರೂ ಜೈನಬ್ ಬೀ ಅವರ ಪಾಲು. ಬೆಳಗಿನ ಬಿಸಿಲು ನೇರ ಅವರ ಮುಖಕ್ಕೇ ಹೊಡೆಯುತ್ತದೆ. ಕೂರಲು ಕಬ್ಬಿಣದ ಸ್ಟೂಲು, ಗಾಳಿಗೆ ಹಳೆಯ ಕ್ಯಾಲೆಂಡರಿನ ರಟ್ಟು.

“ಆಧಾರ್ ಗೀಧಾರ್ ನಾನು ಕೇಳಲ್ಲ” ಎನ್ನುತ್ತಾರೆ. “ಊರಿನ್ ಹೆಸ್ರು ಬಾಯಲ್ಲಿ ಬಂದ್ರೆ ಸಾಕು. ಊರಿನ್ ವಿಷ್ಯದಲ್ಲಿ ಜನ ಸುಳ್ಳು ಹೇಳಲ್ಲ ಸಾರ್.”

ಜೈನಬ್ ಬೀ ಹುಟ್ಟಿದ್ದು ತುಮಕೂರಿನಲ್ಲಿ, ಸೊಸೆಯಾಗಿ ಬಂದದ್ದು ಗುಬ್ಬಿಗೆ. ಪತಿ ಗುಲಾಮ್ ನಬಿ ಹತ್ತಿ ಹಾಸಿಗೆ ಹೊಲಿಯುವವರು. ಮದುವೆ ಸೀಸನ್ನಿನಲ್ಲಿ ಮನೆಯೆಲ್ಲ ಹತ್ತಿಯ ಧೂಳು ತುಂಬಿರುತ್ತಿದ್ದ ಕಾಲವೊಂದಿತ್ತು. ಫೋಮ್ ಹಾಸಿಗೆ ಬಂದು ಆ ಕೆಲಸಕ್ಕೆ ಕಲ್ಲು ಬಿತ್ತು. ಅದೇ ಹೊತ್ತಿಗೆ ಹಿರೇಕೊಳದಲ್ಲಿ ಟಿಕೆಟ್ ಕೊಡಲು ಇಬ್ಬರು ಹೆಂಗಸರು ಬೇಕು ಎಂಬ ಸುದ್ದಿ ಬಂತು. ಕುಣಿಗಲ್ಲಿನ ಕಡೆಯ ಶಶಿರೇಖಾ, ಗುಬ್ಬಿಯ ಜೈನಬ್ ಬೀ, ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದರು. ಸಂಬಳವೂ ಒಂದೇ.

ಎಡವಟ್ಟಾದದ್ದು ಆ ಮೊದಲ ದಿನವೇ. ಮ್ಯಾನೇಜರ್ ರಂಗನಾಥ್ ಇಬ್ಬರನ್ನೂ ನಿಲ್ಲಿಸಿಕೊಂಡು “ಇಂಗ್ಲಿಷ್ ಯಾರಿಗ್ ಬರುತ್ತೆ? ಕೈ ಎತ್ತಿ” ಎಂದರು. ಶಶಿರೇಖಾ ಕೈ ಎತ್ತಿದರು. ಜೈನಬ್ ಬೀ ಎತ್ತಲಿಲ್ಲ.

“ಆಯಮ್ಮ ಪಿಯುಸಿ ಫೇಲು. ನಾನು ಎಸ್ಸೆಸ್ಸೆಲ್ಸಿ ಪಾಸು. ಇಬ್ರ ಇಂಗ್ಲಿಷೂ ಅಷ್ಟಕ್ಕಷ್ಟೇ. ನಂಗೆ ನಾಚ್ಕೆ ಬಂತು, ಆಯಮ್ಮಂಗೆ ಬರ್ಲಿಲ್ಲ. ಅಷ್ಟೇ ಸಾರ್ ವ್ಯತ್ಯಾಸ. ಆವತ್ತು ಎತ್ತದೇ ಇದ್ದ ಕೈ ಇವತ್ತಿಗೂ ನೋಯ್ತದೆ.”

ವಿದೇಶಿಯರಿಂದ ಹೆಚ್ಚು ದುಡ್ಡು ಇಸಿದುಕೊಳ್ಳುವುದು ಸರಿಯೋ ತಪ್ಪೋ ಎಂದು ಅವರ ಮನೆಯಲ್ಲೇ ಚರ್ಚೆ ನಡೆಯುತ್ತದೆ. ದೂರದಿಂದ ಬಂದ ನೆಂಟರ ಹತ್ತಿರ ಜಾಸ್ತಿ ವಸೂಲಿ ಮಾಡುವುದು ಯಾವ ಮರ್ಯಾದೆ ಎಂದು ಗುಲಾಮ್ ನಬಿ ಗೊಣಗುತ್ತಾರೆ. ಹೂಳೆತ್ತದವರು ಕಾಸಾದರೂ ಕೊಡಲಿ ಎಂಬುದು ಸಮಿತಿಯ ವಾದ. ಜೈನಬ್ ಬೀ ಅವರ ತಕರಾರೇ ಬೇರೆ.

“ಜಾಸ್ತಿ ದುಡ್ಡು ಕೊಡೋರ್ಗೆ ನೆರಳು, ಕಮ್ಮಿ ಕೊಡೋರ್ಗೆ ಬಿಸ್ಲು. ಆಯ್ತಪ್ಪ, ಅದು ಅವ್ರ ಲೆಕ್ಕ. ಆದ್ರೆ ಒಳಗ್ ಕೂತಿರೋ ನಾವಿಬ್ರೂ ಒಂದೇ ಸಂಬ್ಳದೋರು ತಾನೇ? ಫ್ಯಾನು ಆಯಮ್ಮಂಗೆ ಯಾಕೆ?”

ಹೊಟ್ಟೆಕಿಚ್ಚು ಎಂಬ ಮಾತನ್ನು ಅವರು ಮುಚ್ಚಿಡುವುದಿಲ್ಲ. ದಿನಕ್ಕೆ ನಾಲ್ಕು ಗುಲಾಬಿ ಚೀಟಿ ಹರಿದರೆ ಶಶಿರೇಖಾಗೆ ಅದೇ ದೊಡ್ಡ ದಿನ. ಉಳಿದ ಹೊತ್ತೆಲ್ಲ ಸೆರಗು ಫ್ಯಾನಿನ ಗಾಳಿಗೆ ಹಾರಾಡುತ್ತಿರುತ್ತದೆ. ಆ ಫಡಫಡ ಸದ್ದು ಪ್ಲೈವುಡ್ ದಾಟಿ ಈ ಕಡೆಗೆ ಬರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಹೋದ ವರ್ಷ ಒಂದು ಪತ್ರಿಕೆಯವರು ಬಂದು ‘ಹಳ್ಳಿ ಹೆಣ್ಣುಮಗಳ ಇಂಗ್ಲಿಷ್ ಸ್ವಾಗತ’ ಎಂದು ಶಶಿರೇಖಾ ಅವರ ದೊಡ್ಡ ಫೋಟೋ ಹಾಕಿದರು. ಅದನ್ನು ಕತ್ತರಿಸಿ ಬಲಗಡೆಯ ಕಿಟಕಿಯ ಗಾಜಿಗೆ ಅಂಟಿಸಿದ್ದಾರೆ. ಫೋಟೋದ ಅಂಚಿನಲ್ಲಿ ಯಾರದೋ ಒಂದು ಮೊಣಕೈ ಕಾಣುತ್ತದೆ.

“ಅದು ನಂದೇ” ಎನ್ನುತ್ತಾರೆ ಜೈನಬ್ ಬೀ. “ದಿನಾ ಬೆಳಿಗ್ಗೆ ಆ ಗಾಜು ಒರ್ಸೋದೂ ನಾನೇ.”

ಈ ವರ್ಷ ಬೇಸಿಗೆಯ ಹೊತ್ತಿಗೆ ಶಶಿರೇಖಾ ತಮ್ಮ ಮಗಳು ಪಲ್ಲವಿಯ ಸೀಮಂತಕ್ಕೆ ಕುಣಿಗಲ್ಲಿಗೆ ಹೊರಟರು. ಒಂದು ವಾರ ರಜೆ. “ಆ ಕಿಟಕೀಗೆ ಯಾರು...” ಎಂದು ರಂಗನಾಥ್ ಮಾತು ಮುಗಿಸುವ ಮೊದಲೇ ಜೈನಬ್ ಬೀ ಅವರ ಕೈ ಮೇಲಿತ್ತು. ಅದೂ ಬಲಗೈ, ಪೂರಾ ಎತ್ತರಕ್ಕೆ. ರಂಗನಾಥ್ ನಕ್ಕರು. “ಆಯ್ತಮ್ಮ, ಕೂತ್ಕೊಳ್ಳಿ. ಚೆನ್ನಾಗ್ ಮಾಡಿದ್ರೆ ಇನ್ಮೇಲೆ ತಿಂಗಳಿಗೊಬ್ರು ಅಂತ ಬದಲಾಯ್ಸೋಣ” ಎಂದರು.

ಆ ಮಾತು ಕೇಳಿದ ರಾತ್ರಿ ಜೈನಬ್ ಬೀ ಹಿಟ್ಟು ನಾದುತ್ತಲೇ ಇಂಗ್ಲಿಷ್ ಕಲಿತರು. ಬಿ.ಕಾಂ. ಓದುವ ಮಗಳು ಜೈಬಾ ಹೇಳಿಕೊಟ್ಟಳು. ವೆಲ್‌ಕಮ್, ತ್ರೀ ಹಂಡ್ರೆಡ್, ಪಾಸ್‌ಪೋರ್ಟ್ ಪ್ಲೀಸ್. ಹೊಸ ಸೀರೆಯೂ ಆಚೆ ಬಂತು. ಎಡಗಡೆಯ ಸ್ಟೂಲಿಗೆ ರಂಗನಾಥ್ ಅವರೇ ಬಂದು ಕೂತರು.

ಮೊದಲ ದಿನ ಸ್ವರ್ಗ. ಫ್ಯಾನು ಎಷ್ಟು ಜೋರಿತ್ತೆಂದರೆ ಸಂಜೆಗೆ ಶೀತವೇ ಹಿಡಿಯಿತು. ಎರಡನೆಯ ದಿನ ಒಬ್ಬರೂ ಬರಲಿಲ್ಲ. ಪ್ಲೈವುಡ್ಡಿನ ಆ ಕಡೆಯಿಂದ “ಜೈನಬಕ್ಕ ಎಲ್ಲಿ?” ಎಂದು ಜನ ಕೇಳುವುದು, ಚಿಲ್ಲರೆಗೆ ರಂಗನಾಥ್ ಬೈಸಿಕೊಳ್ಳುವುದು, ಎಲ್ಲವೂ ಕೇಳುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತರು. ಈ ಕುರ್ಚಿ ಕೈತಪ್ಪಬಾರದು, ಅಷ್ಟೇ ತಲೆಯಲ್ಲಿ.

ಮೂರನೆಯ ದಿನ ಕಿಟಕಿಯ ಮುಂದೆ ಒಂದು ನೆರಳು ಬಿತ್ತು. ಎತ್ತರದ ಬಿಳಿಯ ಹೆಂಗಸು, ಹತ್ತಿ ಚೂಡಿದಾರ್, ಕೈಯಲ್ಲಿ ಕೊಡೆ. ರಂಗನಾಥ್ ಟೀ ಕುಡಿಯಲು ಹೋಗಿದ್ದರು. ಜೈನಬ್ ಬೀ ನೆಟ್ಟಗೆ ಕೂತು ವೆಲ್‌ಕಮ್ ಎನ್ನಲು ಬಾಯಿ ತೆರೆದರು. ಇಷ್ಟು ವರ್ಷ ಆ ಬಾಯಿಗೆ ಯಾವುದು ರೂಢಿಯೋ ಅದೇ ಹೊರಬಿತ್ತು.

“ಯಾವೂರು?”

“ಗುಬ್ಬಿ” ಎಂದರು ಆ ಹೆಂಗಸು.

ಜೈನಬ್ ಬೀ ತಬ್ಬಿಬ್ಬಾದರು. ಆದರೂ ಕೇಳುವ ಕೆಲಸ ಅರ್ಧಕ್ಕೆ ಬಿಡಲಾದೀತೇ? “ಗುಬ್ಬೀಲಿ ಯಾರ ಮನೆ?”

“ಬಸವಲಿಂಗಮ್ಮನವರ ಮಹಡಿ ಮೇಲೆ. ಬಾಡಿಗೆಗೆ ಇದ್ದೇನೆ.”

“ಅಯ್ಯೋ, ಬಸವಲಿಂಗಮ್ಮೋರ ಮನೆ ಹಾಸ್ಗೆ ಎಲ್ಲಾ ನಮ್ ಯಜಮಾನ್ರೇ ಹೊಲ್ದಿರೋದು!”

“ಹೌದಾ? ನಾನು ಮಲಗುವುದು ಅದರ ಮೇಲೆಯೇ!”

ಆಕೆಯ ಹೆಸರು ಮಾಗ್ದಾ. ಪೋಲೆಂಡಿನಿಂದ ಬಂದು, ಗುಬ್ಬಿಯಲ್ಲಿ ಮನೆ ಹಿಡಿದು, ಈ ಸೀಮೆಯ ಕೆರೆಕೊಳಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ. ಇದೆಲ್ಲ ಜೈನಬ್ ಬೀ ಅವರಿಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಅವರ ಮುಂದೆ ಗುಲಾಬಿ ಚೀಟಿಯ ಕಟ್ಟು ಇತ್ತು, ಕೈ ಅದರ ಕಡೆ ಹೋಗಲೇ ಇಲ್ಲ. ಪ್ಲೈವುಡ್ಡಿನ ಸಂದಿಯಿಂದ ಆ ಕಡೆಗೆ ತೋಳು ತೂರಿಸಿ, ರಂಗನಾಥ್ ಬಿಟ್ಟುಹೋಗಿದ್ದ ಕಟ್ಟಿನಿಂದ ಒಂದು ಹಳದಿ ಚೀಟಿ ಹರಿದು, ಇಪ್ಪತ್ತು ರೂಪಾಯಿ ಇಸಿದುಕೊಂಡು, “ಮೆಟ್ಲು ಜಾರ್ತದೆ, ಹುಷಾರು” ಎಂದು ಕಳಿಸಿದರು.

ಟೀ ಮುಗಿಸಿ ಬಂದ ರಂಗನಾಥ್ ಗೇಟಿನ ಹತ್ತಿರ ಮಾಗ್ದಾ ಅವರ ಕೈಯಲ್ಲಿದ್ದ ಚೀಟಿಯ ಬಣ್ಣ ನೋಡಿದರು.

“ಏನ್ ಜೈನಬಮ್ಮ ಇದು? ಹಳದಿ ಹರಿದ್ರಾ? ಮುಖ ಕಾಣಿಸ್ಲಿಲ್ವಾ?”

“ಕಾಣಿಸ್ತು ಸಾರ್. ಯಾವೂರು ಅಂದೆ. ಗುಬ್ಬಿ ಅಂದ್ರು.”

“ಗುಬ್ಬೀಲಿ ಇರೋದೇ ಬೇರೆ, ಗುಬ್ಬಿಯೋರಾಗೋದೇ ಬೇರೆ.”

“ನಾನೂ ತುಮಕೂರಿಂದ ಗುಬ್ಬಿಗ್ ಬಂದೋಳೇ ಅಲ್ವಾ ಸಾರ್? ನಂಗ್ಯಾವ ಬಣ್ಣದ್ ಚೀಟಿ?”

ರಂಗನಾಥ್ ಕೆಟ್ಟವರಲ್ಲ. ಆದರೆ ನಾಳೆ ಸಮಿತಿಯವರು ಕೇಳುವುದು ಅವರನ್ನೇ. ಮಾಗ್ದಾ ತಾವೇ ಮುಂದೆ ಬಂದು ಮುನ್ನೂರರ ಚೀಟಿ ಕೊಡಿ ಎಂದರು. ಜೈನಬ್ ಬೀ ಗುಲಾಬಿ ಕಟ್ಟನ್ನು ರಂಗನಾಥ್ ಕಡೆಗೆ ದೂಡಿದರು. “ಊರೋರ್ಗೆ ನನ್ ಕೈಯಲ್ಲಿ ಆಗಲ್ಲ. ನೀವೇ ಹರೀರಿ” ಎಂದರು. ರಂಗನಾಥ್ ಹರಿದರು. ಆಮೇಲೆ ಎಡಗಡೆಯ ಸ್ಟೂಲಿನ ಕಡೆಗೆ ಕೈ ತೋರಿಸಿದರು. “ತಿಂಗಳಿಗೊಬ್ರು ಅಂದಿದ್ದನ್ನ ಮರೆತ್ಬಿಡಿ.”

ಕುರ್ಚಿ ಹೋಯಿತು, ಫ್ಯಾನು ಹೋಯಿತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ಶಶಿರೇಖಾ ಬಂದು ನಗುತ್ತಾರಲ್ಲ ಎಂಬುದು. ಮನೆಯಲ್ಲಿ ಅನ್ನ ಸೇರಲಿಲ್ಲ. ಗುಲಾಮ್ ನಬಿ ಏನು ಹೇಳಿದರೂ ಎದುರುತ್ತರ. ಆಯಮ್ಮನಿಗೆ ರಜದಲ್ಲೂ ಅದೃಷ್ಟ, ನನಗೆ ಕುರ್ಚಿಯಲ್ಲಿ ಕೂತರೂ ಗ್ರಹಚಾರ ಎಂದು ಕಣ್ಣೀರು ಹಾಕಿದರು.

ಶಶಿರೇಖಾ ಬಂದರು. ಕೈತುಂಬ ಹಸಿರು ಬಳೆ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ರಂಗನಾಥ್ ಎಲ್ಲ ಹೇಳಿಯಾಗಿತ್ತು. ಆದರೆ ಶಶಿರೇಖಾ ನೇರ ತಮ್ಮ ಕುರ್ಚಿಗೆ ಹೋಗಲಿಲ್ಲ. ಎಡಗಡೆಯ ಕಿಟಕಿಯ ಸಾಲಿನಲ್ಲಿ, ಜನರ ಹಿಂದೆ, ಬಿಸಿಲಿನಲ್ಲಿ ನಿಂತರು. ಸರದಿ ಬಂತು. ಜೈನಬ್ ಬೀ ತಲೆಯೆತ್ತದೆ, ಬೇಕೆಂದೇ ಬಿಗುವಾಗಿ ಕೇಳಿದರು: “ಯಾವೂರು?”

“ಕುಣಿಗಲ್ಲು ಕಣಕ್ಕ” ಎಂದರು ಶಶಿರೇಖಾ. ಡಬ್ಬಿಯನ್ನು ಕಿಟಕಿಯೊಳಗೆ ತಳ್ಳಿದರು. “ನಗೋಕೆ ಬಂದಿಲ್ಲ. ಆ ಮಾಗ್ದಾ ಮೇಡಮ್ಮು ವರ್ಷದಿಂದ ನನ್ ಕಿಟಕೀಗೇ ಬರೋದು. ಅವ್ರಿಗೆ ಕನ್ನಡ ಬರುತ್ತೆ ಅಂತ್ಲೇ ನಂಗ್ ಗೊತ್ತಿರ್ಲಿಲ್ಲ. ತ್ರೀ ಹಂಡ್ರೆಡ್ ಅಂತೀನಿ, ಕೊಡ್ತಾರೆ, ಹೋಯ್ತಾರೆ. ಬೆಳಿಗ್ಗೆಯಿಂದ ಸಂಜೆಗಂಟ ಒಂದ್ ನರಪಿಳ್ಳೆ ನನ್ನ ಊಟ ಆಯ್ತಾ ಅನ್ನಲ್ಲ. ನೀನು ಆ ಕಡೆ ಊರೂರ್ ಸುದ್ದಿ ಮಾತಾಡ್ಕೊಂಡ್ ನಗ್ತಿರ್ತೀಯ. ಈ ಕಡೆ ಕೂತು ನಂಗೆಷ್ಟ್ ಹೊಟ್ಟೆ ಉರೀತದೆ ಗೊತ್ತಾ? ಆ ಸದ್ದು ಕೇಳ್ಬಾರ್ದು ಅಂತ್ಲೇ ಕಣಕ್ಕ ನಾನು ಫ್ಯಾನು ಜೋರಾಗ್ ಇಟ್ಕೊಳ್ಳೋದು.”

ಹಿಂದೆ ನಿಂತಿದ್ದ ಚೇಳೂರಿನವರೊಬ್ಬರು ಬೇಗ ಬೇಗ ಎಂದು ರೇಗಿದರು. ಜೈನಬ್ ಬೀ ಆತನಿಗೊಂದು ಕೊಬ್ಬರಿ ಮಿಠಾಯಿ ಕೊಟ್ಟು ಸುಮ್ಮನಾಗಿಸಿದರು.

ಈಗಲೂ ನಿಯಮ ಹಾಗೆಯೇ ಇದೆ. ಮಾಗ್ದಾ ಬಲಗಡೆಯಲ್ಲೇ ಮುನ್ನೂರು ಕೊಡುತ್ತಾರೆ. ಆದರೆ ಮೊದಲು ಎಡಗಡೆಗೆ ಬಂದು ಬಸವಲಿಂಗಮ್ಮನವರ ಮಂಡಿನೋವಿನ ಸಮಾಚಾರ ಒಪ್ಪಿಸಿ ಹೋಗುತ್ತಾರೆ. ಜೈನಬ್ ಬೀ ಈಗಲೂ ಬೆಳಿಗ್ಗೆ ಚಕ್ರದ ಕುರ್ಚಿಯಲ್ಲಿ ಒಂದು ಸುತ್ತು ತಿರುಗುತ್ತಾರೆ. “ಹೊಟ್ಟೆಕಿಚ್ಚು ಏನು ಒಂದ್ ಮಾತ್ರೇಗೆ ಹೋಗೋ ಜ್ವರನಾ ಸಾರ್?” ಎಂದು ನಗುತ್ತಾರೆ. “ಆ ಫ್ಯಾನು ಒಂದ್ ಬೇಸ್ಗೆನಾದ್ರೂ ನನ್ ಕಡೆ ತಿರುಗ್ಬೇಕು. ಅದೊಂದೇ ಆಸೆ.”

ಫೋಟೋ ತೆಗೆಯುವ ಹೊತ್ತಿಗೆ ಶಶಿರೇಖಾ ತಾವೂ ಬಂದು ನಿಂತರು. ಜೈನಬ್ ಬೀ ಆಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. “ನಿಂದು ಮೊಣಕೈ ಬಂದ್ರೆ ಸಾಕು, ಆ ಕಡೆ ನಿಂತ್ಕೋ.” ಸೆರಗು ಸರಿಮಾಡಿಕೊಂಡು, ಕಿಟಕಿಯ ಹೊರಗೆ ಉದ್ದಕ್ಕೆ ನಿಂತ ಸಾಲನ್ನೊಮ್ಮೆ ನೋಡಿ, ಕ್ಯಾಮೆರಾದ ಕಡೆ ತಿರುಗಿದರು.

“ಇದನ್ನ ತಪ್ಪದೇ ಬರ್ಕೊಳ್ಳಿ ಸಾರ್. ಫ್ಯಾನಿನ್ ಕೆಳಗೆ ಕೂತೋಳು, ಬಿಸ್ಲಲ್ಲಿ ಕೂತಿರೋ ನನ್ನ ನೋಡಿ ಹೊಟ್ಟೆ ಉರ್ಕೊತಾಳೆ.”