ಬೇಕೆಂದೇ ಎಡವಿಸುವ ಅಕ್ಕ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಕಂಪ್ಯೂಟರು. ಒಂದರಲ್ಲಿ ಅಕ್ಕ ಪ್ರೋಗ್ರಾಂ ಬರೆಯುತ್ತಾರೆ. ಇನ್ನೊಂದನ್ನು ಬೇಕೆಂದೇ ಎಡವಿಸುತ್ತಾರೆ. ಡಿಸ್ಕ್ ತೆರೆಯಲು ಯಂತ್ರಕ್ಕೆ ಮೂವತ್ತೊಂದು ಹೆಜ್ಜೆ. ಮೊದಲ ಹೆಜ್ಜೆಗೇ "ಮೆಮೊರಿ ಇಲ್ಲ, ಹೋಗು" ಎಂದು ಅಕ್ಕ ಹೇಳುವ ಸುಳ್ಳು. ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ. ಎಡವಿದ ಯಂತ್ರ ತಾನು ಹರವಿದ್ದನ್ನು ತಾನೇ ಎತ್ತಿಡುತ್ತದೆಯೇ ಎಂದು ಕಾಯುತ್ತಾರೆ.

"ಎಲ್ಲ ಸರಿಯಿದ್ದಾಗ ಯಾರ್ ಬೇಕಾದ್ರೂ ದುಡೀತಾರೆ. ಅರ್ಧಕ್ಕೆ ನಿಂತಾಗ ಮನೆ ಗುಡಿಸಿ ಹೋಗ್ತಾರಾ, ಅದನ್ನ ನೋಡ್ಬೇಕು," ಎನ್ನುತ್ತಾರೆ.

ಬೀದಿಗೆಲ್ಲ ಅಕ್ಕನಾದ ಇವರಿಗೆ ಐವತ್ತನಾಲ್ಕು. ಕಂಪ್ಯೂಟರಿನ ಒಳತಿರುಳಾದ ಕರ್ನಲ್‌ನಲ್ಲಿ, ಕಡತಗಳನ್ನು ಕಾಯುವ ಭಾಗದ ದೋಷ ಹುಡುಕುವುದು ಹದಿನೇಳು ವರ್ಷಗಳ ಕಾಯಕ.

ಯಜಮಾನರು ಬಸ್ ಡಿಪೋದ ಮೆಕ್ಯಾನಿಕ್. ಕಾಫಿ ಇಡುತ್ತಾ ಛೇಡಿಸುತ್ತಾರೆ: "ನಾನು ಕೆಟ್ಟಿದ್ದನ್ನ ರಿಪೇರಿ ಮಾಡ್ತೀನಿ, ಇವ್ಳು ನೆಟ್ಟಗಿರೋದನ್ನ ಕೆಡಿಸ್ತಾಳೆ!"

"ನಿಮ್ ಬಸ್ಸು ಕೆಡೋ ಮುಂಚೆ ಕೆಮ್ಮುತ್ತೆ ಕಣ್ರೀ. ಇದಕ್ಕೆ ಅದೂ ಇಲ್ಲ."

ಈ ವಾರದ ತಲೆನೋವು ರಕ್ತನಿಧಿಯೊಂದರದು. ಹಾಳಾದ ಡಿಸ್ಕ್ ಜೋಡಿಸಿದರೆ ಸಾಕು, ಅಲ್ಲಿನ ಕಂಪ್ಯೂಟರ್ ನಿಂತೇಹೋಗುತ್ತದೆ. ಅಲ್ಲಿಯ ತಂತ್ರಜ್ಞರೊಬ್ಬರು ಬರೆದಿದ್ದಾರೆ: "ರಕ್ತ ಯಾವ ಪೆಟ್ಟಿಗೇಲಿದೆ ಅಂತ ಹುಡುಕೋಷ್ಟರಲ್ಲಿ ಒಬ್ಬ ಬಾಣಂತಿ ಇಪ್ಪತ್ತು ನಿಮಿಷ ಕಾದ್ರು ಅಕ್ಕ. ದೇವ್ರು ದೊಡ್ಡೋನು, ಉಳ್ಕೊಂಡ್ರು."

ಹತ್ತೊಂಬತ್ತನೆಯ ಹೆಜ್ಜೆಯಲ್ಲಿ ಯಂತ್ರ ನಿಲ್ಲುತ್ತದೆ. ಸಿಕ್ಕಿತು! ಎಡವಿದ ಹೆಜ್ಜೆ ಮೆಮೊರಿಯಲ್ಲಿ ತಾನು ಹಿಡಿದ ಜಾಗವನ್ನು ಆಗಲೇ ಬಿಟ್ಟುಕೊಟ್ಟಿದೆ. ಅದನ್ನರಿಯದೆ, ಕೊನೆಗೆ ಗುಡಿಸಲು ಬಂದ ಪ್ರೋಗ್ರಾಮಿನ ಸಾಲೊಂದು ಅದೇ ಜಾಗವನ್ನು ಮತ್ತೊಮ್ಮೆ ಬಿಟ್ಟುಕೊಡುತ್ತದೆ. ಅಷ್ಟರಲ್ಲಿ ಅಲ್ಲಿ ಬೇರೆಯವರು ಸಂಸಾರ ಹೂಡಿಯಾಗಿದೆ. ಒಂದು ಸಾಲು ಅಳಿಸಿದರೆ ಮುಗಿಯಿತು.

ಆದರೆ ಈ ಕಸುಬಿಗೊಂದು ಕಟ್ಟಳೆ: ತಪ್ಪು ಯಾವ ಹಳೆಯ ಬದಲಾವಣೆಯಿಂದ ಬಂತೆಂದು ತಿದ್ದುಪಡಿಯ ಅಡಿಯಲ್ಲಿ ಕಾಣಿಸಬೇಕು. ಅಕ್ಕ ಹುಡುಕುತ್ತಾರೆ. ಹನ್ನೊಂದು ವರ್ಷ ಹಳೆಯದು. ಬರೆದವರು ತಾವೇ.

"ಜಾಗ ಸೋರ್ತಿದೆ ಅಂತ ನಾನೇ ಸೇರ್ಸಿದ್ ಸಾಲು," ಎಂದು ಕನ್ನಡಕ ತೆಗೆದಿಡುತ್ತಾರೆ. "ಒಂದ್ ತೂತು ಮುಚ್ಚೋಕೆ ಹೋಗಿ ಇನ್ನೊಂದು ಕೊರೆದಿದ್ದೀನಿ."

ಯಜಮಾನರ ದನಿ ತಗ್ಗುತ್ತದೆ. "ಸಾವಿರಾರು ಜನ ಓದ್ತಾರಲ್ಲೇ?"

"ಓದ್ಲಿ ಬಿಡಿ. ಆ ಬಾಣಂತಿ ಕಾದಿದ್ದು ನನ್ನಿಂದ."

ಬರೆಯುತ್ತಾರೆ. ತಮ್ಮ ಹಳೆಯ ತಪ್ಪು ಮೊದಲು, ಅದರ ಕೆಳಗೆ "ತಿಳಿಸಿದವರು" ಎಂದು ತಂತ್ರಜ್ಞರ ಹೆಸರು. ಕಳಿಸುವ ಮುನ್ನ ಮೂವತ್ತೊಂದು ಹೆಜ್ಜೆಗಳನ್ನೂ ಮತ್ತೆ ಎಡವಿಸುತ್ತಾರೆ. ಯಂತ್ರ ಒಮ್ಮೆಯೂ ನಿಲ್ಲುವುದಿಲ್ಲ.

ಮೂರನೆಯ ದಿನ ರಕ್ತನಿಧಿಯ ತಂತ್ರಜ್ಞರ ಉತ್ತರ ಬರುತ್ತದೆ: "ಒಂದ್ಸಲಾನೂ ನಿಂತಿಲ್ಲ ಅಕ್ಕ. ನಿಮಗೆ ಕೈಮುಗೀತೀನಿ."

ಅಕ್ಕ ಪರದೆಗೇ ಕೈಮುಗಿಯುತ್ತಾರೆ. "ಮುಗೀಬೇಕಾದೋಳು ನಾನು. ಅವ್ರು ಸುಮ್ನಿದ್ದಿದ್ರೆ, ನಾನ್ ಒಳ್ಳೇ ಕೆಲ್ಸ ಮಾಡಿದ್ದೆ ಅಂತ್ಲೇ ಸಾಯ್ತಿದ್ದೆ."