ಬುರ್ರೋ ಅಂದರೆ ಬೆಣ್ಣೆ

ಸಿಟ್ಟು ಬಂದರೆ ಮಾಧವಿಯ ದನಿ ಏರುವುದಿಲ್ಲ, ಇಳಿಯುತ್ತದೆ. ತಿರುಪ್ಪೂರಿನ ಆ ಬನಿಯನ್ ಕಂಪನಿಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಕೊಯಮತ್ತೂರಿನಿಂದ ದಿನವೂ ಬಸ್ಸಿನಲ್ಲಿ ಬಂದು ಅಲ್ಲಿ ವಿದೇಶದ ಗಿರಾಕಿಗಳ ವ್ಯವಹಾರ ನೋಡುತ್ತಿದ್ದಳು. ಅವಳ ಮನೆಯಲ್ಲಿದ್ದಂತೆ ಮಾಲೀಕ ದೇವರಾಜನ್ ಮನೆಯಲ್ಲೂ ಕನ್ನಡವೇ ಆದ್ದರಿಂದ ಇಬ್ಬರ ಜಗಳವೂ ಕನ್ನಡದಲ್ಲೇ.

ಆ ಸಲ ಇಟಲಿಯಿಂದ ಮಕ್ಕಳ ಅಂಗಿಗೆ ಆರ್ಡರ್ ಬಂತು. ಬಣ್ಣ: ಬುರ್ರೋ. ಬಹುಕಾಲ ಸ್ಪೇನಿನವರ ಜತೆ ವ್ಯಾಪಾರ ಮಾಡಿದ್ದ ದೇವರಾಜನ್ ನಕ್ಕರು.

"ಬುರ್ರೋ ಅಂದ್ರೆ ಕತ್ತೆ ಕಣಮ್ಮಾ. ಬೂದಿ ಕಲರ್."

"ಅದು ಸ್ಪೇನ್ ಮಾತು ಸಾರ್. ಇಟಲಿಯೋರಿಗೆ ಬುರ್ರೋ ಅಂದ್ರೆ ಬೆಣ್ಣೆ. ಲ್ಯಾಟಿನ್‌ನಲ್ಲಿ ಬೆಣ್ಣೆಗೆ ಇದ್ದ ಮಾತಿಂದ ಬಂದಿದ್ದು. ಸ್ಪೇನಿನೋರದು ಸಣ್ಣ ಕುದುರೆ ಅನ್ನೋ ಬೇರೆ ಮಾತಿಂದ. ಹುಟ್ಟೇ ಬೇರೆ. ಒಂದ್ ಸಲ ಕೇಳ್ಬಿಡೋಣ."

"ಯೂರೋಪ್ ಪೂರಾ ಒಂದೇ ಪಾಷೆ ತಾನೆ? ನನಗೇ ಪಾಠ ಹೇಳ್ತೀಯಾ?"

ಬಣ್ಣ ಹಾಕಿದ ಬಟ್ಟೆಯ ತುಂಡೊಂದನ್ನು ಮೊದಲು ಇಟಲಿಗೆ ಕಳಿಸಿ ಒಪ್ಪಿಗೆ ಪಡೆಯುವ ತಾಳ್ಮೆಯೂ ಅವರಿಗಿರಲಿಲ್ಲ. ತಾವೇ ಫೋನ್ ಮಾಡಿ, ಊರಿನ ಕಂಪನಿಗಳ ಬಟ್ಟೆಗೆ ಬಣ್ಣ ಹಾಕಿಕೊಡುವ ಕುಪ್ಪಸಾಮಿಗೆ ಬೂದಿ ಎಂದು ಹೇಳಿಬಿಟ್ಟರು.

ಅಂಗಿಗಳು ಇಟಲಿ ತಲುಪಿದ ಮೇಲೆ ವೀಡಿಯೊ ಕರೆ ಬಂತು. ಬೂದಿ ಬಣ್ಣದ ಪುಟ್ಟ ಅಂಗಿ ಹಿಡಿದು ಆ ಕಡೆಯ ಹೆಂಗಸು ಕೇಳಿದಳು, ಇದೇನು? ದೇವರಾಜನ್ ರೆಪ್ಪೆ ಬಡಿಯದೆ ಹೇಳಿದರು: ಬಣ್ಣದವನ ತಪ್ಪು, ಇನ್ನು ಮೇಲೆ ಅವನಿಗೆ ಕೆಲಸ ಕೊಡುವುದಿಲ್ಲ.

ಪಕ್ಕದಲ್ಲೇ ಕೂತಿದ್ದ ಮಾಧವಿಯ ಮೈ ಉರಿದುಹೋಯಿತು. ದನಿ ಇಳಿಯಿತು.

"ಬಣ್ಣದವರದು ತಪ್ಪಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ನಾವು ಹೇಳಿದ ಬಣ್ಣವನ್ನೇ ಅವರು ಹಾಕಿದರು. ನಿಮ್ಮ ಮಾತು ನಮಗೆ ಅರ್ಥವಾಗಿರಲಿಲ್ಲ, ಕೇಳಲೂ ಇಲ್ಲ."

ಕರೆ ಮುಗಿದದ್ದೇ ದೇವರಾಜನ್ ಮೇಜು ಗುದ್ದಿದರು. "ನನ್ನ ಮಾನ ತೆಗೆದ್ಬಿಟ್ಟೆ!"

"ಕುಪ್ಪಸಾಮಿ ಅಣ್ಣನಿಗೆ ಮಾನ ಇಲ್ವಾ ಸಾರ್? ಅವ್ರ ಹೆಸರು ಕೆಟ್ರೆ ಊರಲ್ಲಿ ಯಾರು ಬಣ್ಣಕ್ಕೆ ಬಟ್ಟೆ ಕೊಡ್ತಾರೆ?"

ಚೀಲ ತೆಗೆದುಕೊಂಡು ಕೆಲಸ ಬಿಟ್ಟು ಹೊರಟೇಬಿಟ್ಟಳು. ಮನೆಯಲ್ಲಿ ತಾಯಿ ಅಂಬುಜಮ್ಮ, "ಸ್ವಲ್ಪ ತಾಳ್ಕೋಬಾರ್ದಿತ್ತೇನೇ?" ಎಂದರು.

"ತಾಳ್ಕೊಂಡಿದ್ದಕ್ಕೇ ಇಷ್ಟಾಯ್ತಮ್ಮ. ಅವತ್ತೇ ನಾನು ಇಟಲಿಗೆ ಫೋನ್ ಮಾಡ್ಬೇಕಿತ್ತು."

ವಾರ ಕಳೆದ ಮೇಲೆ ದೇವರಾಜನ್ ಫೋನ್ ಬಂತು. ಇಟಲಿಯವರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಬಂದುಬಿಡು.

"ಕುಪ್ಪಸಾಮಿ ಅಣ್ಣನ ಹತ್ರ ಮನ್ನಿಪ್ಪು ಕೇಳಿದ್ರಾ?"

"ಅವನ ಹತ್ರ ನಾನ್ಯಾಕೆ..."

ಫೋನ್ ಇಟ್ಟುಬಿಟ್ಟಳು.

ಈಗ ಪಲ್ಲಡಂನ ಕಂಪನಿಯೊಂದರಲ್ಲಿದ್ದಾಳೆ. ಅಲ್ಲಿನ ಬಣ್ಣದ ಕೆಲಸವೆಲ್ಲ ಕುಪ್ಪಸಾಮಿಗೇ ಹೋಗುತ್ತದೆ. ಮದುವೆ ಮನೆಗಳಲ್ಲಿ ದೇವರಾಜನ್ ಎದುರಾದರೆ ಕೈ ಮುಗಿಯುವುದಿಲ್ಲ, ಮುಖ ನೋಡಿಕೊಂಡೇ ದಾಟಿಹೋಗುತ್ತಾಳೆ.